ಅಳಿಯನ ಪಾಲಿನ ನಲ್ಲಿಮೂಳೆ

"ಒಳಗೆ ಬನ್ನಿ ಸಾರ್! ನಮ್ಮ ಹೊಸ್ತಿಲು ದಾಟಿದ್ರೆ ಶಾಕ್ ಏನೂ ಹೊಡೆಯಲ್ಲ..."

ಹೊನ್ನಮ್ಮ ತೀರ್ಥಪ್ಪನಿಗೆ ಆಡಿದ ಮೊದಲ ಮಾತೇ ಇದು.

ತರೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದೆ ಹೆಂಡದಂಗಡಿ. ಅದರ ಗೋಡೆಗೆ ಅಂಟಿಕೊಂಡೇ ಅವಳ ತಾಯಿ ಪಾಪಮ್ಮನ ಊಟದ ಹೋಟ್ಲು. ಎಪ್ಪತ್ತೆಂಟರ ಆ ದಿನ ಅಲ್ಲಿಗೆ ಮೊದಲ ಸಲ ಕರೆಂಟು ಬರುವುದಿತ್ತು. ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ ಲೈನ್‌ಮನ್ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅಂಗಿಯ ಒಳಗಿಂದ, ಎದೆಯ ಮೇಲಿನ ಲಿಂಗದ ಕರಡಿಗೆ ಉಬ್ಬಿ ಕಾಣುತ್ತಿತ್ತು.

'ಇವನೂ ಅವರವನೇ... ಒಳಗೆ ಕಾಲಿಡಲ್ಲ!' ಅವಳ ಎದೆ ಕುದಿಯಿತು.

ಅವನು ತನ್ನ ಕಾಲನ್ನು ನೋಡಿಕೊಂಡ. "ಅದಕ್ಕಲ್ಲ ಮೇಡಂ... ಕಾಲೆಲ್ಲಾ ಕೆಸರು. ನೀವು ಈಗ ತಾನೇ ಸಾರಿಸಿದಂಗದೆ."

ಒಲೆಯ ಮುಂದಿದ್ದ ಪಾಪಮ್ಮ ಬಿದ್ದು ಬಿದ್ದು ನಕ್ಕಳು. "ಬಯ್ಯೋಕ್ ಮುಂಚೆ ಒಂದ್ಸಲ ಕೆಳಗೆ ನೋಡ್ಬೇಕು ಕಣೇ ಹೊನ್ನಿ!"

ಹೊನ್ನಮ್ಮನಿಗೆ ನಾಚಿಕೆಯಾಯಿತು. ಆದರೆ ಅವಳು ಹುಟ್ಟಾ ದುಡುಕಿನವಳಲ್ಲ. ದುಡುಕನ್ನು ಅವಳಿಗೆ ಊರೂರು ಸೇರಿ ಕಲಿಸಿದ್ದವು.

ಅವಳು ಹಳ್ಳಿಯೊಂದರ ಪ್ರೈಮರಿ ಸ್ಕೂಲಿನ ಮೇಡಂ. ಮನುಷ್ಯರೆಲ್ಲ ಒಂದೇ ಅಂತ ಮಕ್ಕಳಿಗೆ ಪಾಠ ಹೇಳಿ ಹೊರಗೆ ಬಂದರೆ, ಎದುರಿನ ಟೀ ಅಂಗಡಿಯಲ್ಲಿ ಅವಳ ಲೋಟ ಸೂರಿನ ಸಂದಿಯಿಂದ ಇಳಿಯುತ್ತಿತ್ತು! ಹೊರಗೇ ನಿಂತು ಕುಡಿಯಬೇಕು. ತಾನೇ ತೊಳೆದು ಮತ್ತೆ ಸೂರಿಗೆ ಸಿಕ್ಕಿಸಬೇಕು. ಅವಳು ಟೀ ಕುಡಿಯುವುದನ್ನೇ ಬಿಟ್ಟಿದ್ದಳು. ಅಂಥವಳ ಕಣ್ಣಿಗೆ, ಹಿಂದೆ ಸರಿಯುವ ಪ್ರತಿ ಕಾಲಿಗೂ, ಹಿಂಜರಿಯುವ ಪ್ರತಿ ಕೈಗೂ ಒಂದೇ ಅರ್ಥ.

ಶನಿವಾರ ಸಂಜೆ ಪಾಪಮ್ಮನ ಹೋಟ್ಲಿನಲ್ಲಿ ಕೆಲವರು ಗೆಳೆಯರು ಸೇರಿ ಪುಸ್ತಕ ಓದುತ್ತಿದ್ದರು. ಒಬ್ಬರು ಓದುವುದು, ಉಳಿದವರು ಜಗಳ ಆಡುವುದು. ಬಲ್ಬು ಹಾಕಲು ಬಂದ ತೀರ್ಥಪ್ಪ ಆ ಬಲ್ಬಿನ ಕೆಳಗೇ ಕೂತು ಕೇಳತೊಡಗಿದ. ಮೊದಮೊದಲು ಅವಳ ವಾದ ಕೇಳಲು ಬಂದ. ಆಮೇಲೆ... ಅವಳ ದನಿ ಕೇಳಲು ಬಂದ.

ವರ್ಷ ತುಂಬುವಷ್ಟರಲ್ಲಿ ಅವನೇ ಬಾಯಿಬಿಟ್ಟ. "ಹೊನ್ನಾ, ನಮ್ಮನೇಲಿ ಒಪ್ಪಲ್ಲ. ಕಡೂರಿನ ರಿಜಿಸ್ಟ್ರಾರ್ ಆಫೀಸಲ್ಲಿ ನೋಟಿಸು ಕೊಡೋಣ. ಮೂವತ್ತು ದಿನ ಬೋರ್ಡಿಗೆ ಹಾಕ್ತಾರೆ. ಆಮೇಲೆ ಮದುವೆ. ಬತ್ತೀಯಾ?"

ಬಂದಳು. ಸಹಿ ಮಾಡಿದಳು. ಅವತ್ತು ಸಂಜೆಯೇ ಗೆಳೆಯರಿಗೆಲ್ಲ ಪಾಪಮ್ಮನ ಕೈಯೂಟ!

ಪಕ್ಕದ ಅಂಗಡಿಯಿಂದ ಹೆಂಡದ ಲೋಟಗಳು ಬಂದವು. ಕೊಬ್ಬರಿ, ಗಸಗಸೆ ಹುರಿದು ಅರೆದ ಮಟನ್ ಸಾರಿನ ಘಮಲು ಬೀದಿಯವರೆಗೂ ಹಬ್ಬಿತ್ತು. ಬಸ್ ಕಂಡಕ್ಟರ್ ಚಿಕ್ಕಬೀರಪ್ಪ ಆಗಲೇ ಎರಡನೇ ಮುದ್ದೆಯಲ್ಲಿದ್ದ.

"ಲೇ ತೀರ್ಥ, ನಿಮ್ಮ ಶರಣರು ಎಲ್ರ ಮನೇಲೂ ಉಂಡ್ರಂತಲ್ಲಾ. ನೀನು ಉಣ್ಣೋ, ನೋಡಾನ!"

"ಅವರು ಕುರಿ ಸಾರು ಉಂಡ್ರು ಅಂತ ಎಲ್ಲಿ ಬರ್ದದೆ ಬೀರಣ್ಣ?" ನರ್ಸ್ ಸುಲೋಚನ ಕಿಚಾಯಿಸಿದಳು.

"ಸುಮ್ನಿರ್ರೀ ಇಬ್ರೂ!" ಹೊನ್ನಮ್ಮ ಹೆಮ್ಮೆಯಿಂದ ಅಂದಳು. "ಇವರು ಶಿವಮೊಗ್ಗದಲ್ಲಿ ಟ್ರೈನಿಂಗಿನಾಗೇ ತಿಂದು ರೂಢಿ ಮಾಡ್ಕಂಡವ್ರೆ. ಅಲ್ವೇನ್ರೀ?"

ತೀರ್ಥಪ್ಪ ತಲೆಯಾಡಿಸಿದ. ಆ ತಲೆಯಾಟ ಸ್ವಲ್ಪ ತಡವಾಯಿತು. ಅವಳು ಗಮನಿಸಲಿಲ್ಲ.

ಪಾಪಮ್ಮ ಪಿಂಗಾಣಿ ತಟ್ಟೆ ಹಿಡಿದು ಬಂದಳು. ಮುದ್ದೆಯ ಪಕ್ಕದಲ್ಲಿ, ಸಾರಿನೊಳಗೆ, ಕೊಬ್ಬು ತುಂಬಿದ ದಪ್ಪ ನಲ್ಲಿಮೂಳೆ.

"ಇದು ಅಳಿಯನ ಪಾಲು ಕಣಪ್ಪ. ನಮ್ಮ ಹಟ್ಟೀಲಿ ವೀಳ್ಯ ಗೀಳ್ಯ ಆಮೇಲೆ. ಅಳಿಯ ನಲ್ಲಿಮೂಳೆ ಹೀರಿದ ಅಂದ್ರೆ ಮಗಳನ್ನ ಕೊಟ್ಟಂಗೆ. ಇವಳಪ್ಪನೂ ನಮ್ಮವ್ವನ ಮುಂದೆ ಹಿಂಗೇ ಕೂತಿದ್ದ..." ಅವಳ ಕಣ್ಣು ತುಂಬಿತ್ತು.

ತೀರ್ಥಪ್ಪ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುತಿರುಗಿಸಿ ನೋಡಿದ.

"ತಟ್ಟೆಗೆ ಕುಟ್ಟಿ ಹೀರೋ! ಫ್ಯೂಸ್ ಹೋಗ್ಯದಾ ಅಂತ ನೋಡ್ತೀಯಲ್ಲಲೇ!" ಚಿಕ್ಕಬೀರಪ್ಪ ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು.

ಅವನು ಕುಟ್ಟಿದ. ಕಣ್ಣುಮುಚ್ಚಿ ಹೀರಿದ. ನುಂಗಿದ.

ಚಪ್ಪಾಳೆ! ಪಾಪಮ್ಮ ಅವನ ತಲೆ ಸವರಿದಳು. ಹೊನ್ನಮ್ಮನಿಗೆ ಆ ಗಳಿಗೆ ಇಡೀ ಲೋಕವೇ ತನ್ನ ಪಂಕ್ತಿಯಲ್ಲಿ ಕೂತು ಉಂಡಂತೆ ಅನಿಸಿತು...

"ಖಾರ... ಒಂದ್ನಿಮಿಷ," ಅಂತ ಅವನು ಎದ್ದು ಹಿತ್ತಿಲಿಗೆ ಹೋದ.

ಅವಳು ನೀರಿನ ಚೊಂಬು ಹಿಡಿದು ನಗುತ್ತಲೇ ಹಿಂದೆ ಹೋದಳು. ಹೋದವಳು ಕಲ್ಲಾದಳು.

ತೀರ್ಥಪ್ಪ ಗೋಡೆ ಹಿಡಿದು ಬಾಗಿ ಕಕ್ಕುತ್ತಿದ್ದ. ಒಂದು ಕೈ ಎದೆಯ ಲಿಂಗವನ್ನು ಒತ್ತಿ ಹಿಡಿದಿತ್ತು. "ಶಿವಾ... ಶಿವಾ..."

'ನಮ್ಮವ್ವನ ಅಡುಗೆಯನ್ನ... ಮಣ್ಣಿಗೆ ಸುರಿದುಬಿಟ್ಟ!'

"ಅಸಹ್ಯ ಆಯ್ತಾ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ದೇವರ ಹತ್ರ ತಪ್ಪು ಒಪ್ಕಂತಿದ್ದೀರಾ? ನಮ್ಮವ್ವನ ಕೈಯಲ್ಲಿ ಉಂಡಿದ್ದಕ್ಕೆ?"

"ಅಲ್ಲ ಹೊನ್ನಾ... ಕೇಳಿಲ್ಲಿ, ನಾನು..." ಮತ್ತೆ ಹೊಟ್ಟೆ ತೊಳಸಿ ಬಂತು. ಮಾತು ಅಲ್ಲಿಗೇ ನಿಂತಿತು.

ಅವಳಿಗೆ ಅದೇ ಉತ್ತರವಾಯಿತು.

"ಬೇರೆ ಲೋಟ ಕೊಡೋರೇ ವಾಸಿ. ಅವರು ಮುಖದ ಮೇಲೇ ಹೇಳ್ತಾರೆ! ನೀವು ಒಳಗೆ ಉಂಡು ಹಿತ್ತಿಲಲ್ಲಿ ಕಕ್ಕೋರು. ಮೂವತ್ತು ದಿನ ತುಂಬೋದ್ರೊಳಗೆ ನೋಟಿಸು ನಾನೇ ವಾಪಸ್ ತಗಂತೀನಿ. ಇನ್ನು ಈ ಹೊಸ್ತಿಲಿಗೆ ಬರಬೇಡಿ!"

ಅವನು ಬಂದ. ಮೂರು ಸಲ ಬಂದ. ಮೂರು ಸಲವೂ ಅವಳು ಅಗುಳಿ ಹಾಕಿಕೊಂಡಳು. ಸುಲೋಚನಳ ಕೈಲಿ ಕಾಗದ ಕಳಿಸಿದ. ಅವಳು ಬಿಚ್ಚದೆ ವಾಪಸ್ ಕೊಟ್ಟಳು.

ಹಗಲು ಪಾಠ, ಸಂಜೆ ಮೌನ. ಎದುರಿಗೆ ಬಂದ ಪ್ರತಿಯೊಬ್ಬರ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು, ಇಷ್ಟಾದರೂ ಅವನ ಸೈಕಲ್ಲಿನ ಸದ್ದಿಗೆ ಕಾಯುತ್ತಿದ್ದ ತನ್ನ ಕಿವಿಯ ಮೇಲೆ!

ಇಪ್ಪತ್ತಾರನೇ ದಿನ ಬೆಳಿಗ್ಗೆ ಸೀರೆ ಉಟ್ಟು ನಿಂತಳು. "ಅವ್ವಾ, ಕಡೂರಿಗೆ ಹೋಗಿ ಬತ್ತೀನಿ. ಆ ನೋಟಿಸು ತೆಗೆಸಿಬಿಡ್ತೀನಿ."

ಪಾಪಮ್ಮ ಒರಳಲ್ಲಿ ಖಾರ ರುಬ್ಬುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಿಂಗೊಂದು ಹೇಳಿಲ್ಲ ಕಣೇ. ನಾನು ಸಣ್ಣೋಳಿದ್ದಾಗ, ಗೌಡ್ರ ಮನೆ ಮದುವೇಲಿ ತುಪ್ಪದ ಹೋಳಿಗೆ ಕೊಟ್ರು. ಹುಟ್ಟಿದಾಗಿಂದ ತುಪ್ಪ ಕಂಡೋಳಲ್ಲ. ಆಸೆಗೆ ಮೂರು ತಿಂದೆ."

"ಆಮೇಲೆ?"

"ಆಮೇಲೇನು, ಅವರ ಕೊಟ್ಟಿಗೆ ಹಿಂದೆ ಎಲ್ಲಾ ಕಕ್ಕಿದೆ. ಗೌಡ್ರ ಮೇಲೆ ಅಸಹ್ಯ ಪಟ್ಕಂಡು ಕಕ್ಕಿದ್ನೇನೇ?"

ಹೊನ್ನಮ್ಮ ಬಾಗಿಲಲ್ಲೇ ನಿಂತಳು.

"ನಂಗೆ ಅವತ್ತೇ ಯಾಕೆ ಹೇಳಲಿಲ್ಲವ್ವಾ?"

"ನಂಗೂ ಹೊಟ್ಟೆ ಉರಿದಿತ್ತು ಕಣೇ. ನಾನೂ ಮನುಷ್ಯಳೇ ಅಲ್ವಾ? ಬೆಳಗಿಂದ ಸಂಜೆಗಂಟ ನಿಂತು ಬೇಯ್ಸಿದ್ದೆ." ಈಗ ಪಾಪಮ್ಮನ ಕೈ ನಿಂತಿತು. "ಆದ್ರೆ ಅವನು ಉಣ್ಣುವಾಗ ಮುಖ ನೋಡಿದ್ದೆ. ಒಗ್ಗದಿರೋದನ್ನ ನಿನಗೋಸ್ಕರ ನುಂಗ್ತಿದ್ದ. ಸುಳ್ಳು ಹೇಳಿದ್ದು ತಪ್ಪು, ಅದಕ್ಕೆ ಬಯ್ಯಿ. ಕಕ್ಕಿದ್ದಕ್ಕಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಕಡೂರಿನ ಬಸ್ಸು ಕಣ್ಣೆದುರೇ ಹೊರಟಿತು. ಅವಳು ಹತ್ತಲಿಲ್ಲ. ಚಿಕ್ಕಬೀರಪ್ಪನ ಬಸ್ಸು ಹತ್ತಿ ಕೂತಳು.

"ಅವರು ಎಲ್ಲಿದ್ದಾರೆ ಬೀರಣ್ಣ?"

"ಅಜ್ಜಂಪುರದಾಗೆ. ಹೊಸ ಲೈನ್ ಎಳೀತವ್ರೆ." ಅವನು ಟಿಕೆಟ್ ಹರಿಯುತ್ತಾ ದನಿ ತಗ್ಗಿಸಿದ. "ಹೇಳಬಾರದು ಅಂತ ಆಣೆ ಹಾಕಿಸ್ಕಂಡಿದ್ದ... ಅವರಪ್ಪ ಜಯದೇವಪ್ಪನೋರು ಕಡೂರಿನ ಬೋರ್ಡ್ ನೋಡಿ ಅವರೂರು ಪಂಚನಹಳ್ಳಿಯಿಂದ ಬಂದಿದ್ರು ಕಣಮ್ಮ. ಕರೆಂಟ್ ಆಫೀಸಿನ ಮುಂದೇನೇ ಚಪ್ಪಲಿ ಬಿಚ್ಚಿ ಹೊಡೆದ್ರು."

"ಇವರು?"

"ಹೊಡೀರಿ ಅಪ್ಪಾಜಿ, ನೋಟಿಸು ಮಾತ್ರ ತೆಗೆಸಲ್ಲ ಅಂದ."

"ನಂಗ್ಯಾಕೆ ಹೇಳಬಾರದಂತೆ?"

"ಕನಿಕರಕ್ಕೆ ನೀನು ಒಪ್ಪಬಾರದಂತೆ."

ಅವಳು ಕಿಟಕಿಯ ಕಡೆ ತಿರುಗಿದಳು. ಅಜ್ಜಂಪುರ ಬರುವವರೆಗೂ ತಿರುಗಿಯೇ ಇದ್ದಳು.

ಊರ ಬಾಗಿಲಲ್ಲೇ ಕಂಬದ ತುದಿಯಲ್ಲಿ ತೀರ್ಥಪ್ಪ ಕಂಡ. ಸೊರಗಿದ್ದ. ಕೆಳಗೆ ಸಂತೆಗೆ ಹೊರಟ ಗಾಡಿಗಳು, ಜನ.

"ಇಳೀರಿ ಕೆಳಗೆ!"

ಅವನು ಬೆಚ್ಚಿ ನೋಡಿದ. "ಹೊನ್ನಾ?... ಹತ್ನಿಮಿಷ ಇರು. ಗಂಟು ಬಿಗೀದೆ ಇಳಿದ್ರೆ ವೈರು ಜನರ ಮೇಲೆ ಬೀಳ್ತದೆ!"

ಬಿಸಿಲಲ್ಲಿ ನಿಂತಳು. ಅವನು ಇಳಿದು ಬಂದು ಎದುರಿಗೆ ನಿಂತ. ಕೆನ್ನೆಯ ಮೇಲೆ ಹಳದಿಗಟ್ಟಿದ ಬಾಸುಂಡೆ.

"ಶಿವಮೊಗ್ಗದಲ್ಲಿ ತಿಂದಿರಲಿಲ್ಲ," ಅವನೇ ಶುರು ಮಾಡಿದ. "ಯಾವತ್ತೂ ತಿಂದಿರಲಿಲ್ಲ. ಒಗ್ಗಲ್ಲ ಅಂದ್ರೆ ನೀನು ಜಾತಿ ಅಂದ್ಕಂತೀಯಾ ಅಂತ ಭಯ. ಲಿಂಗ ಹಿಡ್ಕಂಡಿದ್ದು ತಪ್ಪು ಒಪ್ಕಳಕಲ್ಲ... ಹೊಟ್ಟೇಲಿ ಉಳಿಸಪ್ಪ, ಮಾನ ಕಳೀಬೇಡ ಅಂತ ಬೇಡ್ಕಂತಿದ್ದೆ."

ಹೊನ್ನಮ್ಮನಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ನಾನೂ ತಪ್ಪು ಮಾಡಿದೆ. ಪರೀಕ್ಷೆಗೆ ಕೂರಿಸಿದಂಗೆ ಕೂರಿಸಿ ಉಣ್ಣಿಸಿದೆ. ನೀವು ಮಾಂಸ ತಿನ್ನೋದು ಬೇಡ. ಆದ್ರೆ ನಾನು ಬಿಡಲ್ಲ. ನಾಳೆ ನಮ್ಮನೇಲಿ, ನಿಮ್ಮ ಸಾರು ಬೇಯೋ ಒಲೆ ಮೇಲೇ ನನ್ನ ಸಾರೂ ಬೇಯ್ತದೆ. ಒಲೆ ಎರಡಾಗೋದಾದ್ರೆ ಈಗ್ಲೇ ಹೇಳಿ, ಬಸ್ಸು ಇನ್ನೂ ನಿಂತದೆ."

ಅವನು ತಕ್ಷಣ ಹೂಂ ಅನ್ನಲಿಲ್ಲ. ಯೋಚಿಸಿದ. ಆ ಯೋಚನೆಯೇ ಅವಳಿಗೆ ಧೈರ್ಯ ಕೊಟ್ಟಿತು.

"ಒಂದೇ ಒಲೆ. ಮೊದಮೊದಲು ವಾಸನೆ ತಡೆಯೋಕಾಗದೆ ಹೋಗ್ಬೋದು ಹೊನ್ನಾ."

"ಆಗ?"

"ಆಗ ಹೇಳ್ತೀನಿ. ಕದ್ದು ಹಿತ್ತಿಲಿಗೆ ಹೋಗಲ್ಲ."

"ನಾನೂ ಕೇಳ್ತೀನಿ. ಕೇಳೋಕೆ ಮುಂಚೆ ಬಾಗಿಲು ಹಾಕಲ್ಲ."

ಗಾಡಿಯ ಮೇಲಿಂದ ಒಬ್ಬ ಹಿರಿಯ ಕುತ್ತಿಗೆ ಚಾಚಿದ. "ಏನಪ್ಪಾ, ಜಯದೇವಪ್ಪನ ಮಗ ಅಲ್ವಾ ನೀನು? ಯಾರಪ್ಪಾ ಈ ಹೆಣ್ಮಗಳು?"

ತೀರ್ಥಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. "ನನ್ನ ಹೆಂಡ್ತಿ ಆಗೋರು. ತರೀಕೆರೆ ಪಾಪಮ್ಮನ ಮಗಳು."

ಪಾಪಮ್ಮ ಯಾರೆಂದು ಆ ಸುತ್ತಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಹಿರಿಯ ನೆಲಕ್ಕೆ ಉಗಿದು ಎತ್ತಿನ ಬಾಲ ತಿರುವಿದ. ಗಾಡಿಗಳು ಒಂದೊಂದಾಗಿ, ತಿರುತಿರುಗಿ ನೋಡುತ್ತಾ ಹೋದವು.

"ಸಂಜೆ ಒಳಗೆ ಪಂಚನಹಳ್ಳಿಗೆ ಸುದ್ದಿ ಮುಟ್ತದೆ," ಅವಳೆಂದಳು.

"ಮುಟ್ಲಿ."

"ನಿಮ್ಮನೆ ಬಾಗಿಲು ಮುಚ್ತದೆ."

"ಮುಚ್ತದೆ." ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಈಗ ಒಡೆಯಿತು. "ಅಮ್ಮನ್ನ ಮತ್ತೆ ನೋಡೋಕೆ ಬಿಡಲ್ಲ ಹೊನ್ನಾ... ನಂಗೆ ಅಮ್ಮ ಬೇಕು ಕಣೇ..."

ನಡುರಸ್ತೆಯಲ್ಲಿ, ಇಷ್ಟು ಜನರ ಕಣ್ಣೆದುರು, ಹೊನ್ನಮ್ಮ ಅವನ ಕೈ ಹಿಡಿದುಕೊಂಡಳು.

"ಗೊತ್ತು. ಅಳ್ರಿ. ಎಷ್ಟು ಹೊತ್ತಾದರೂ ಅಳ್ರಿ... ನಾನು ಇಲ್ಲೇ ನಿಂತಿರ್ತೀನಿ."