ತಿಥಿ ನೆನಪಿಸುವ ಮೆಸೇಜು

"ಸತ್ತವಳನ್ನ ತಿಂಗಳು ಮುಂಚೇನೇ ಕರೀತೀರಲ್ಲ ಮೇಡಂ, ಏನ್ ಅವಸರ ನಿಮಗೆ?"

ಬಾಗಿಲಲ್ಲಿ ನಿಂತವನು ಮೊಬೈಲನ್ನು ಹಂಸಾಳ ಮುಖದ ಮುಂದೆ ಹಿಡಿದಿದ್ದ. ಅದರಲ್ಲಿದ್ದುದು ಅವಳೇ ಕಳಿಸಿದ ಮೆಸೇಜು: 'ನಿಮ್ಮ ಪತ್ನಿ ಜಯಾ ಅವರ ತಿಥಿ ಶ್ರಾವಣ ಶುದ್ಧ ದಶಮಿ, ಜುಲೈ 27. ಅಡುಗೆಗೆ ಫೋನ್ ಮಾಡಿ. ಚಕ್ರಪಾಣಿ, ಬನಶಂಕರಿ.'

ಚಕ್ರಪಾಣಿ ಅವಳ ಅಪ್ಪ. ಮನೆಮನೆಗೆ ಹೋಗಿ ತಿಥಿ ಅಡುಗೆ ಮಾಡಿಕೊಡುವವರು. ಈಗಿನವರಿಗೆ ಬದುಕಿರುವವರ ಹುಟ್ಟುಹಬ್ಬ ನೆನಪಿದ್ದರೇ ದೊಡ್ಡದು, ಸತ್ತವರ ತಿಥಿ ಯಾರು ನೆನಪಿಟ್ಟುಕೊಳ್ಳುತ್ತಾರೆ? ಕೆಲಸ ಕಡಿಮೆಯಾಗುತ್ತಾ ಬಂದಾಗ ಹಂಸಾ ಒಂದು ಉಪಾಯ ಮಾಡಿದಳು. ಅಪ್ಪನ ಹಳೇ ಡೈರಿಗಳಲ್ಲಿದ್ದ ಸತ್ತವರನ್ನೆಲ್ಲ ಒಂದು ಪುಸ್ತಕಕ್ಕೆ ಇಳಿಸಿ, ತಿಥಿಗೆ ಹತ್ತು ದಿನ ಮುಂಚೆ ಅವರವರ ಮನೆಗೆ ಮೆಸೇಜು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು. ಮೊದಮೊದಲು ಬೈದವರೇ ಆಮೇಲೆ ಅಡುಗೆಗೆ ಹೇಳತೊಡಗಿದರು.

ಆದರೆ ಆ ವರ್ಷ ಅಧಿಕಮಾಸ. ಎರಡೆರಡು ಶ್ರಾವಣ. ತಿಥಿ ಮಾಡಬೇಕಾದ್ದು ಎರಡನೆಯದರಲ್ಲಿ. ಅಪ್ಪನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಈ ಮಹಾರಾಯಿತಿ ಕೇಳಿರಲಿಲ್ಲ.

"ನಮ್ಮತ್ತೆ ಮೈಸೂರಿಂದ ಬಂದು ಎರಡು ದಿನ ಅತ್ರು. ಆಮೇಲೆ ಪುರೋಹಿತರು ಹೇಳ್ತಾರೆ, ಇದಲ್ಲ, ಮುಂದಿನ ತಿಂಗಳು ಅಂತ. ಮತ್ತೆ ಬಂದು ಮತ್ತೆ ಅಳ್ಬೇಕಾ ಆಕೆ?"

"ತಪ್ಪಾಯ್ತು ಸಾರ್," ಎಂದಳು ಹಂಸಾ. ಬೇರೆ ಏನು ತಾನೆ ಹೇಳಿಯಾಳು? ಅವಳ ಕಣ್ಣು ತುಂಬಿದ್ದು ನೋಡಿ ಅವನ ಸಿಟ್ಟು ಅರ್ಧಕ್ಕೇ ನಿಂತಿತು. ಕುಮಾರಸ್ವಾಮಿ ಲೇಔಟಿನ ನಚಿಕೇತ ಅವನು. ಹೆಂಡತಿ ಹೋಗಿ ಎರಡು ವರ್ಷ.

ಮುಂದಿನ ತಿಂಗಳು ಅಪ್ಪನ ಜೊತೆ ಅವಳೂ ಹೋದಳು, ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ. ಗೋಡೆಯ ಮೇಲೆ ಜಯಾ ನಗುತ್ತಿದ್ದಳು. ಅತ್ತೆ ಮತ್ತೆ ಅತ್ತರು.

ಮರುವರ್ಷ ಮೆಸೇಜು ಹೋದ ಐದು ನಿಮಿಷಕ್ಕೆ ಫೋನು ಬಂತು.

"ಈ ಸಲ ಶ್ರಾವಣ ಒಂದೇ ತಾನೆ ಮೇಡಂ?"

"ಒಂದೇ ಸಾರ್. ಪಂಚಾಂಗ ಮೂರು ಸಲ ನೋಡಿದೀನಿ."

"ನಾಲ್ಕನೇ ಸಲ ನೋಡ್ಬಿಡಿ, ನಿಮ್ಮನ್ನ ನಂಬಕ್ಕಾಗಲ್ಲ."

ಹಂಸಾ ನಕ್ಕುಬಿಟ್ಟಳು. ಆಮೇಲೆ ನಾಲಗೆ ಕಚ್ಚಿಕೊಂಡಳು. ಆ ಸಲ ವಡೆ ಬಡಿಸುವಾಗ ಅವನು ತಲೆಯೆತ್ತಿದ, ಅವಳೂ ನೋಡಿದಳು, ಇಬ್ಬರೂ ಒಟ್ಟಿಗೇ ಎಲೆಯ ಕಡೆ ಕಣ್ಣಿಳಿಸಿದರು. ಅಷ್ಟೇ. ಅಷ್ಟನ್ನೇ ಇಟ್ಟುಕೊಂಡು ಅವಳು ಒಂದು ವರ್ಷ ತಳ್ಳಿದಳು ಎಂದರೆ ನಂಬಿ. ತಿಥಿ ಅಡುಗೆಯವರ ಮನೆ ಹೆಣ್ಣೆಂದು ಬಂದ ಗಂಡುಗಳೆಲ್ಲ ಕಾಫಿ ಕುಡಿದು ಎದ್ದುಹೋಗಿದ್ದವು. ಮೂವತ್ತಮೂರು ವರ್ಷದಲ್ಲಿ ಅವಳನ್ನು ನಿಂತು ನೋಡಿದವನು ಇವನೊಬ್ಬನೇ.

ಮೂರನೇ ಶ್ರಾವಣದಲ್ಲಿ ಊಟವೆಲ್ಲ ಮುಗಿದು, ಅಪ್ಪ ಆಟೋ ತರಲು ಹೋದಾಗ, ನಚಿಕೇತ ಅಡುಗೆಮನೆ ಬಾಗಿಲಿಗೆ ಬಂದ.

"ಆ ಪುಸ್ತಕದಿಂದ ನನ್ನ ನಂಬರ್ ತೆಗೆದುಬಿಡಿ."

"ಯಾಕೆ? ಅಡುಗೆ ಸರಿಯಾಗ್ಲಿಲ್ವಾ?"

"ತಿಂಗಳಿಂದ ದಿನಾ ಫೋನ್ ನೋಡ್ತಿದ್ದೆ ರೀ, ನಿಮ್ಮ ಮೆಸೇಜ್ ಬಂತಾ ಅಂತ. ಬಂದಾಗ ಖುಷಿಯಾಯ್ತು." ಅವನು ಗೋಡೆಯ ಫೋಟೋದ ಕಡೆ ತಿರುಗಿದ. "ಹೆಂಡ್ತಿ ತಿಥಿ ಬಂತು ಅಂತ ಖುಷಿಪಡೋನು ಮನುಷ್ಯನಾ? ನನ್ನ ಫೋನಲ್ಲಿ ನಿಮ್ಮ ಹೆಸರು 'ತಿಥಿ' ಅಂತ ಇದೆ. ಅದು ಕಂಡ್ರೆ ನಗು ಬರುತ್ತೆ ನನಗೆ. ಅಲ್ಲಿ ಅವಳು ಗೋಡೆ ಮೇಲಿದಾಳೆ."

ನಾನೂ ಶ್ರಾವಣಕ್ಕೇ ಕಾಯುತ್ತೇನೆ ಎನ್ನಬೇಕೆಂದು ಬಾಯಿಗೆ ಬಂತು. ಜಯಾಳ ಫೋಟೋದ ಎದುರು ಹೇಗೆ ಹೇಳುವುದು?

"ಆಯ್ತು, ತೆಗೀತೀನಿ," ಎಂದಳು.

ಮನೆಗೆ ಬಂದು ಹೆಸರು ಹೊಡೆದುಹಾಕಿದಳು. ನಂಬರು ಬಾಯಿಪಾಠವಾಗಿದ್ದರಿಂದ ಅದರಿಂದೇನೂ ಪ್ರಯೋಜನವಾಗಲಿಲ್ಲ.

ಆ ವರ್ಷ ಮಾರ್ಗಶಿರದಲ್ಲಿ ಚಕ್ರಪಾಣಿ ಯಾರದೋ ಮನೆಯ ಒಲೆಯ ಮುಂದೆಯೇ ಕುಸಿದರು. ಆಸ್ಪತ್ರೆ ತಲುಪಲಿಲ್ಲ. ಹಂಸಾ ಇಬ್ಬರು ಅಡುಗೆಯವರನ್ನಿಟ್ಟುಕೊಂಡು ಕೆಲಸ ನಡೆಸಿದಳು. ಮೆಸೇಜುಗಳ ಕೊನೆಗೆ ಚಕ್ರಪಾಣಿ ಎಂದೇ ಹಾಕುತ್ತಿದ್ದಳು. ಶ್ರಾವಣ ಬಂತು, ಹೋಯಿತು. ಕುಮಾರಸ್ವಾಮಿ ಲೇಔಟಿಗೆ ಮೆಸೇಜು ಹೋಗಲಿಲ್ಲ, ಅಲ್ಲಿಂದ ಫೋನೂ ಬರಲಿಲ್ಲ. ಊರಿನ ಸತ್ತವರೆಲ್ಲ ಪುಸ್ತಕದಲ್ಲಿದ್ದರು, ಅಪ್ಪನ ಹೆಸರು ಬರೆಯಲು ಮಾತ್ರ ಅವಳಿಗೆ ಕೈ ಬಂದಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಅವಳ ಮೊಬೈಲು ಸದ್ದು ಮಾಡಿತು.

'ನಿಮ್ಮ ತಂದೆ ಚಕ್ರಪಾಣಿ ಅವರ ತಿಥಿ ಮಾರ್ಗಶಿರ ಬಹುಳ ಪಂಚಮಿ, ಡಿಸೆಂಬರ್ 28. ಪುರೋಹಿತರಿಂದ ಗೊತ್ತಾಯ್ತು. ಪಂಚಾಂಗ ನಾಲ್ಕು ಸಲ ನೋಡಿದೀನಿ. ಬಡಿಸೋಕೆ ಜನ ಬೇಕಿದ್ರೆ ಹೇಳಿ. ನಚಿಕೇತ.'

ಎಲ್ಲರಿಗೂ ನೆನಪಿಸುವವಳಿಗೆ ನೆನಪಿಸುವವರು ಯಾರೂ ಇರಲಿಲ್ಲ. ಹಂಸಾ ಅಲ್ಲೇ ನೆಲದ ಮೇಲೆ ಕೂತು, ಅಪ್ಪ ಸತ್ತ ದಿನ ಅಳದೇ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು.

ಆಮೇಲೆ ಮುಖ ತೊಳೆದು ಉತ್ತರ ಬರೆದಳು: 'ಜನ ಬೇಕು. ಬನ್ನಿ.' ಅಭ್ಯಾಸದ ಮೇಲೆ ಕೊನೆಗೆ ಚಕ್ರಪಾಣಿ ಎಂದು ಒತ್ತಿದ್ದಳು. ಅದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಹಂಸಾ ಎಂದು ಬರೆದು ಕಳಿಸಿದಳು.