ಬಾಗಿಲಲ್ಲಿ ಮೊದಲು ನಾನು

ನಮ್ಮ ಕಂಪ್ಯೂಟರ್ ಆಟದಲ್ಲಿ ಯಾರಾದರೂ ಒಬ್ಬರು ಮೊದಲು ಬಾಗಿಲು ದಾಟಬೇಕು. ಒಳಗೆ ಎದುರಾಳಿಗಳು ಬಂದೂಕು ಹಿಡಿದು ಕಾಯುತ್ತಿರುತ್ತಾರೆ. ಮೊದಲು ನುಗ್ಗಿದವರು ಹೆಚ್ಚಾಗಿ ಸಾಯುತ್ತಾರೆ. ಗುಂಡು ಎಲ್ಲಿಂದ ಬಂತೆಂದು ನೋಡಿಕೊಂಡು ಹಿಂದಿನವರು ಹೊಡೆಯುತ್ತಾರೆ. ನಮ್ಮ ಐದು ಜನರ ತಂಡದಲ್ಲಿ ಮೊದಲು ನುಗ್ಗುವವಳು ನಾನು, ಅಶ್ಮಿತಾ. ನನ್ನನ್ನು ಕಳಿಸುವವನು ಕ್ಯಾಪ್ಟನ್ ಕೃಷ್ಣಕಿಶೋರ್.

ದಿನಾ ನನ್ನನ್ನು ಸಾಯಲು ಕಳಿಸುವವನ ಮೇಲೆ ನನಗೆ ಪ್ರೀತಿ ಹುಟ್ಟಬಾರದಿತ್ತು. ಹುಟ್ಟಿತು, ಏನು ಮಾಡಲಿ?

ಅವನು ಮಂಗಳೂರಿನ ಕದ್ರಿಯವನು, ಅರ್ಚಕರ ಮನೆಯ ಹುಡುಗ. ಅವರ ಮನೆಯಲ್ಲಿ ಈರುಳ್ಳಿ ತರಲಿಕ್ಕೂ ಎರಡು ಸಲ ಯೋಚಿಸುತ್ತಾರಂತೆ. ನಮ್ಮ ಮನೆಯಲ್ಲಿ ಮೀನಿಲ್ಲದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅಪ್ಪ ಮಸ್ಕತ್‌ನಲ್ಲಿದ್ದಾರೆ, ನಾನು ಅತ್ತಾವರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ನನಗೆ ಬಾಯಿ ಜಾಸ್ತಿ, ಅವನಿಗೆ ಬಾಯಿಯೇ ಇಲ್ಲ.

ಒಂದು ಸಂಜೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಕೇಳಿಯೇಬಿಟ್ಟೆ.

"ಎಂತ ಮಾರಾಯ, ಪ್ರತಿ ಸಲ ನಾನೇ ಸಾಯುವುದಾ?"

"ನಿನ್ನ ಹಾಗೆ ನುಗ್ಗಲಿಕ್ಕೆ ಬೇರೆಯವರಿಗೆ ಬರುವುದಿಲ್ಲ."

"ಬೆಣ್ಣೆ ಹಚ್ಚಬೇಡ."

"ಹಚ್ಚುವುದಿಲ್ಲ. ನಮ್ಮಲ್ಲಿ ತುಪ್ಪ ಮಾತ್ರ ಇರುವುದು."

ಹೇಳಿ ಸ್ಕ್ರೀನಿನ ಕಡೆ ತಿರುಗಿಬಿಟ್ಟ. ಕನ್ನಡಕ ಮೇಲೆ ತಳ್ಳಿಕೊಂಡ, ಮೌಸ್ ಸರಿ ಮಾಡಿಕೊಂಡ, ಏನೂ ಆಗಿಲ್ಲ ಎನ್ನುವ ಮುಖ. ಆದರೆ ಅವನ ಕಿವಿ ಕೆಂಪಾಗಿತ್ತು. ಆ ಕಿವಿಯನ್ನು ನೋಡುತ್ತಾ ನಾನು ಮುಂದಿನ ಆಟವನ್ನು ಪೂರ್ತಿ ಹಾಳು ಮಾಡಿದೆ.

ಹಂಪನಕಟ್ಟೆಯ ಒಂದು ಹಳೆಯ ಲಾಡ್ಜಿನ ಮೇಲಿನ ಮಹಡಿಯಲ್ಲಿ ನಮ್ಮ ರೂಮು. ಕಿಟಕಿ ತೆರೆದರೆ ಸಿಟಿ ಬಸ್ಸಿನ ಹಾರ್ನು, ಮುಚ್ಚಿದರೆ ಸೆಕೆ. ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಕೊನೆಯ ಅರ್ಹತಾ ಪಂದ್ಯವನ್ನು ನಾವು ಅಲ್ಲಿಂದಲೇ ಆಡಿದೆವು, ಮನಿಲಾದ ತಂಡದ ವಿರುದ್ಧ. ಗೆದ್ದವರು ಬ್ಯಾಂಕಾಕ್‌ನ ದೊಡ್ಡ ಸ್ಟೇಡಿಯಮ್ಮಿನಲ್ಲಿ ಆಡುವವರು.

ಆ ಮಧ್ಯಾಹ್ನ ಪಂದ್ಯಕ್ಕೆ ಸ್ವಲ್ಪ ಮೊದಲು ನಮ್ಮ ಮ್ಯಾನೇಜರ್ ಯೋಗೀಶಣ್ಣ ಬಂದರು. ನಮಗೆ ರೂಮು, ಜೆರ್ಸಿ ಕೊಟ್ಟ ಕಂಪನಿಯ ಜನ ಅವರು.

"ಅಶ್ಮಿತಾ, ಬೇಜಾರು ಮಾಡಬೇಡ. ಎಲ್ಲರಿಗಿಂತ ಹೆಚ್ಚು ಸಾಯುವುದು ನೀನು ಅಂತ ಕಂಪನಿಯವರು ನೋಡಿದ್ದಾರೆ. ಬ್ಯಾಂಕಾಕ್‌ಗೆ ನಿನ್ನ ಬದಲು ಪುಣೆಯ ಹುಡುಗ ಒಬ್ಬ ಬರ್ತಾನೆ. ನೀನು ಇಲ್ಲಿದ್ದು ವಿಡಿಯೋ ಮಾಡು. ನಿನ್ನ ನಗು ಒಳ್ಳೆದುಂಟು. ಕ್ಯಾಪ್ಟನ್ ಒಪ್ಪಿದರೆ ಆಯ್ತು."

ನಾನು ಕಿಶೋರನನ್ನು ನೋಡಿದೆ. ಅವನು ಕೀಬೋರ್ಡನ್ನು ನೋಡಿದ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಹಿಂದೆಯೇ ಅಳು ಬಂತು, ಅದನ್ನು ನುಂಗಿಕೊಂಡೆ.

"ಇವತ್ತು ನಾನು ಮೊದಲು ಹೋಗುವುದಿಲ್ಲ," ಎಂದೆ. "ಅಷ್ಟು ಸುಲಭದ ಕೆಲಸ ಆದರೆ ನೀನೇ ಹೋಗಿ ಸಾಯಿ."

"ಆಯ್ತು," ಎಂದ ಕಿಶೋರ.

ಅವನು ಮೊದಲು ಹೋದ, ಸತ್ತ. ಮುಂದಿನ ಸುತ್ತಿನಲ್ಲಿ ಮತ್ತೆ ಹೋದ, ಮತ್ತೆ ಸತ್ತ. ಬಾಗಿಲ ಬಳಿ ಬಂದಾಗೆಲ್ಲ ಅವನ ಕಾಲು ಅರೆಕ್ಷಣ ತಡೆಯುತ್ತಿತ್ತು, ಅಷ್ಟರಲ್ಲಿ ಗುಂಡು ಬೀಳುತ್ತಿತ್ತು. ಅವನ ಹಿಂದೆ ನಾನಿದ್ದೆ. ಗುಂಡು ಬಂದ ಮೂಲೆ ನನಗೆ ಕಾಣುತ್ತಿತ್ತು, ಆದರೆ ನಾನು ತಿರುಗುವಷ್ಟರಲ್ಲಿ ನನ್ನ ಕಥೆಯೂ ಮುಗಿಯುತ್ತಿತ್ತು. ಎರಡನೆಯವರಾಗಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಮುಂದಿರುವವರ ಬೆನ್ನು ಬಿಟ್ಟು ಬೇರೇನನ್ನೂ ನೋಡುವ ಹಾಗಿಲ್ಲ, ಉಸಿರಿನಷ್ಟು ಹತ್ತಿರ ಇರಬೇಕು.

ಆಗ ಒಂದು ವಿಷಯ ಹೊಳೆಯಿತು. ಇಷ್ಟು ತಿಂಗಳು ನನ್ನನ್ನು ಕೊಂದವರು ಯಾರೂ ಬದುಕಿ ಉಳಿದಿರಲಿಲ್ಲ. ನಾನು ಬಿದ್ದ ಮರುಕ್ಷಣವೇ ಅವರೂ ಬೀಳುತ್ತಿದ್ದರು. ಅವರನ್ನು ಹೊಡೆದವನು ಯಾವಾಗಲೂ ಕಿಶೋರನೇ. ಸತ್ತ ಸಿಟ್ಟಿನಲ್ಲಿ ನಾನು ಅದನ್ನು ಗಮನಿಸಿರಲೇ ಇಲ್ಲ.

ಸೋಲು ಹತ್ತಿರ ಬಂದಾಗ ಅವನು ಟೈಮ್‌ಔಟ್ ಕೇಳಿದ. ನಾವು ಆಟದಲ್ಲಿ ತುಳುವಿನಲ್ಲೇ ಮಾತಾಡುವವರು. ಮನೆಯಲ್ಲಿ ಬ್ಯಾರಿ ಭಾಷೆ ಆಡುವ ಆಶಿಕ್, ಕೊಂಕಣಿ ಆಡುವ ಸಿಪ್ರಿಯನ್, ನಮ್ಮ ದೀಪೇಶ್, ಎಲ್ಲರಿಗೂ ಗಡಿಬಿಡಿಯಲ್ಲಿ ಬಾಯಿಗೆ ಬರುವುದು ಅದೇ.

"ಅಶ್ಮಿತಾ, ಬೆಳಿಗ್ಗೆಯೇ ಯೋಗೀಶಣ್ಣನಿಗೆ ಹೇಳಿದ್ದೇನೆ, ನೀನು ಇಲ್ಲದಿದ್ದರೆ ನಾನೂ ಇಲ್ಲ ಅಂತ. ಅವರು ನಿನ್ನ ಎದುರೇ ಆ ಮಾತು ತೆಗೀತಾರೆ ಅಂತ ಗೊತ್ತಿರಲಿಲ್ಲ. ನನಗೆ ಬಾಯಿ ಬರಲಿಲ್ಲ."

"ಎಲ್ಲಿಗೆ ಹೋಗಿತ್ತು ನಿನ್ನ ಬಾಯಿ?"

"ತಪ್ಪಾಯ್ತು. ಈಗ ಹೇಳ್ತೇನೆ, ಕೇಳು. ನಿನ್ನನ್ನು ಮುಂದೆ ಕಳಿಸುವುದು ನಿನ್ನ ಹಿಂದೆ ನಾನಿರ್ತೇನೆ ಅಂತ. ಆ ಜಾಗದಲ್ಲಿ ಬೇರೆ ಯಾರನ್ನೂ ಒಂದು ದಿನವೂ ನಿಲ್ಲಿಸಿಲ್ಲ. ನನಗೆ ಮನಸ್ಸು ಬರುವುದಿಲ್ಲ." ಆಮೇಲೆ ಅಂದ, "ಎಂಕ್ ಈ ಬೋಡು."

ನನಗೆ ನೀನು ಬೇಕು. ಅಷ್ಟೇ ಅದರ ಅರ್ಥ.

"ಕ್ಯಾಪ್ಟನ್!" ಆಶಿಕ್ ಕಿರುಚಿದ. "ಟೈಮ್‌ಔಟ್‌ನಲ್ಲಿ ನಮ್ಮ ಮೈಕ್ ಲೈವ್ ಉಂಟು ಮಾರಾಯ!"

ಪಂದ್ಯದ ನೇರಪ್ರಸಾರದಲ್ಲಿ ಟೈಮ್‌ಔಟಿನ ಮಾತುಗಳನ್ನು ಎಲ್ಲರಿಗೂ ಕೇಳಿಸುತ್ತಾರೆ. ನಮಗೆ ಗೊತ್ತಿತ್ತು, ಆ ಹೊತ್ತಿಗೆ ಮರೆತಿದ್ದೆವು. ಪಕ್ಕದ ಸ್ಕ್ರೀನಿನಲ್ಲಿ ಇಂಗ್ಲಿಷ್ ಕಾಮೆಂಟರಿಯವರು ತಲೆದೂಗುತ್ತಿದ್ದರು. ಎಷ್ಟು ತಾಳ್ಮೆಯಿಂದ ಪ್ಲ್ಯಾನ್ ವಿವರಿಸುತ್ತಿದ್ದಾನೆ ನೋಡಿ ಎಂದು ಕಿಶೋರನನ್ನು ಹೊಗಳಿದರು. ಜಗತ್ತಿಗೆ ಏನೂ ಗೊತ್ತಾಗಲಿಲ್ಲ. ಮಂಗಳೂರಿಗೆ ಮಾತ್ರ ಎಲ್ಲ ಗೊತ್ತಾಯಿತು. ನಮ್ಮಮ್ಮ ನೋಡುತ್ತಿದ್ದರು. ಕದ್ರಿಯಲ್ಲಿ ಅವನ ಮನೆಯವರೂ ಟಿವಿಗೆ ಹಾಕಿಕೊಂಡು ಕೂತಿದ್ದರು.

ಕಿಶೋರನ ಮುಖ ಬಿಳುಚಿಕೊಂಡಿತು.

"ಈಗ ಹೆದರಿದರೆ ನಿನ್ನನ್ನು ನಾನೇ ಕೊಲ್ತೇನೆ," ಎಂದೆ. "ನಾನು ಮುಂದೆ ಹೋಗ್ತೇನೆ. ನೀನು ಹಿಂದೆ ಬಾ."

ಆಮೇಲೆ ನಾನು ಬಾಗಿಲು ಬಾಗಿಲಿಗೂ ನುಗ್ಗಿದೆ. ಸತ್ತಾಗ ಕಣ್ಣು ಮುಚ್ಚಲಿಲ್ಲ, ಅವನ ಆಟ ನೋಡಿದೆ. ನನ್ನನ್ನು ಹೊಡೆದವರಲ್ಲಿ ಅವನು ಒಬ್ಬನನ್ನೂ ಬಿಡಲಿಲ್ಲ. ಕೊನೆಯ ಸುತ್ತಿನಲ್ಲಿ ನಾನು ಸಾಯಲೂ ಇಲ್ಲ. ಗೆದ್ದೆವು. ಸಿಪ್ರಿಯನ್ ಕುರ್ಚಿಯ ಮೇಲೆ ಹತ್ತಿ ಕುಣಿದ.

ಯೋಗೀಶಣ್ಣ ಕುಣಿಯಲಿಲ್ಲ. ಫೋನ್ ಹಿಡಿದುಕೊಂಡು ಓಡಿ ಬಂದರು.

"ಕಿಶೋರ, ನಿನ್ನ ಅಪ್ಪ ನನಗೆ ಫೋನ್ ಮಾಡಿದರು. ಅದು ಆಟದ ಕೋಡ್ ಅಂತ ಹೇಳಿದ್ದೇನೆ. ಈಗ ಇಂಟರ್‌ವ್ಯೂನಲ್ಲಿ ಕೇಳ್ತಾರೆ, ನೀವೂ ಹಾಗೇ ಹೇಳಿ. ಹೇಳಿದರೆ ಪುಣೆಯವನು ಬೇಡ, ಅಶ್ಮಿತಾಳೇ ಹೋಗ್ಲಿ, ಕಂಪನಿಯನ್ನು ನಾನು ಒಪ್ಪಿಸ್ತೇನೆ. ಇಲ್ಲದಿದ್ದರೆ ಕಂಪನಿ ನಿಮ್ಮ ಕೈ ಬಿಡ್ತದೆ. ಮನೆ, ಜಾತಿ, ಗಲಾಟೆ, ಇದೆಲ್ಲ ಅವರಿಗೆ ಬೇಡ."

ಒಂದೇ ಒಂದು ಸುಳ್ಳು. ಹೇಳಿದರೆ ಬ್ಯಾಂಕಾಕ್ ನನ್ನದು. ಆಸೆ ಆಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಬ್ಯಾಂಕಾಕ್‌ನ ಆ ಕುರ್ಚಿಗಾಗಿ ನಾನು ಎಷ್ಟು ನಿದ್ದೆ ಬಿಟ್ಟಿದ್ದೆನೆಂದು ನನಗೇ ಗೊತ್ತು. ಕಿಶೋರನ ಕಡೆ ನೋಡಿದೆ. ಈ ಸಲ ಅವನು ಕೀಬೋರ್ಡ್ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ.

"ನಿನಗೆ ಯಾವುದು ಬೇಕೋ ಅದು ಹೇಳು," ಎಂದ. "ಎಂತ ಹೇಳಿದರೂ ನಾನು ಹಿಂದೆ ಇದ್ದೇನೆ."

"ನನಗೆ ಎರಡೂ ಬೇಕು."

ಕ್ಯಾಮೆರಾ ಆನ್ ಆಯಿತು. ಆ ಕಡೆಯಿಂದ ನಿರೂಪಕಿ ನಗುನಗುತ್ತಾ ಇಂಗ್ಲಿಷಿನಲ್ಲಿ ಕೇಳಿದಳು, ಟೈಮ್‌ಔಟಿನಲ್ಲಿ ಕ್ಯಾಪ್ಟನ್ ಹೇಳಿದ ಆ ಅದ್ಭುತ ಪ್ಲ್ಯಾನ್ ಯಾವುದು ಎಂದು. ಕಿಶೋರ ಬಾಯಿ ತೆರೆಯುವ ಮೊದಲೇ ನಾನು ಮೈಕನ್ನು ನನ್ನ ಕಡೆ ಎಳೆದುಕೊಂಡೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಆ ದಿನ ಎಲ್ಲಿಯೂ ಎಡವಲಿಲ್ಲ.

ಅದು ಪ್ಲ್ಯಾನ್ ಅಲ್ಲ, ಎಂದೆ. ನಾನು ಬೇಕು ಎಂದು ಹೇಳಿದ. ನನಗೂ ಇವನೇ ಬೇಕು. ಬ್ಯಾಂಕಾಕ್‌ಗೆ ನಾವು ಐದೂ ಜನ ಬರುತ್ತೇವೆ, ಅಲ್ಲಿಯೂ ಬಾಗಿಲಲ್ಲಿ ಮೊದಲು ನಾನೇ. ಹೊಡೆಯುವವರು ತಯಾರಾಗಿರಿ.

ನಿರೂಪಕಿ ಚಪ್ಪಾಳೆ ತಟ್ಟಿದಳು.

ಯೋಗೀಶಣ್ಣ ತಲೆಯ ಮೇಲೆ ಕೈ ಹೊತ್ತು ಕೂತರು. "ಮುಗೀತು. ಕಂಪನಿ ಜೆರ್ಸಿಯೂ ವಾಪಸ್ ಕೇಳ್ತದೆ."

"ತಕೊಳ್ಳಿ, ಬೆವರಿನ ಸಮೇತ," ಎಂದು ಸಿಪ್ರಿಯನ್ ಅಲ್ಲೇ ಜೆರ್ಸಿ ಬಿಚ್ಚಿ ಅವರ ತೊಡೆಯ ಮೇಲಿಟ್ಟ.

ಈ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದ ತಂಡದ ಪ್ರಯಾಣದ ಖರ್ಚು ನಡೆಸುವವರದ್ದು, ಆಡುವವರ ಹೆಸರು ಕೊಡುವ ಅಧಿಕಾರ ಕ್ಯಾಪ್ಟನ್‌ನದ್ದು. ಕಿಶೋರ ಕುರ್ಚಿ ಎಳೆದುಕೊಂಡು ಕೂತು, ಯೋಗೀಶಣ್ಣನ ಕಣ್ಣೆದುರೇ ಐದು ಹೆಸರು ಟೈಪ್ ಮಾಡಿ ಕಳಿಸಿಬಿಟ್ಟ. ಮೊದಲನೆಯದು ನನ್ನದು.

ಅವನ ಫೋನ್ ಹೊಡೆದುಕೊಂಡಿತು. ಅಪ್ಪ, ಗೋಪಾಲಕೃಷ್ಣ ಭಟ್ಟರು. ಅವನು ಸ್ಪೀಕರಿಗೆ ಹಾಕಿದ.

"ಕಿಶೋರ, ಯೋಗೀಶ ಎಂತದೋ ಆಟದ ಕೋಡ್ ಅಂದ. ಆ ಹುಡುಗಿ ಬೇರೆ ಹೇಳಿದಳು. ಯಾವುದು ಸರಿ?"

"ಅವಳು ಹೇಳಿದ್ದೇ ಸರಿ ಅಪ್ಪ." ಅವನ ಸ್ವರ ಒಂಚೂರೂ ತಗ್ಗಲಿಲ್ಲ.

"ಅವಳು ಅಲ್ಲಿ ಇದ್ದಾಳಾ? ಫೋನ್ ಕೊಡು."

ಕಿಶೋರ ಬೇಡವೆಂದು ಕೈಸನ್ನೆ ಮಾಡಿದ. ನಾನು ಫೋನನ್ನು ಅವನ ಕೈಯಿಂದ ಕಸಿದುಕೊಂಡೆ.

"ಹೇಳಿ ಮಾವ."

"ಮಾವನಾ?"

"ಹೌದು ಮಾವ. ನಾಳೆ ನಾನೇ ಮನೆಗೆ ಬರ್ತೇನೆ. ಬೈಯುವುದಿದ್ದರೆ ಎದುರಿಗೇ ಬೈಯಿರಿ. ಫೋನಿನಲ್ಲಿ ಬೈದರೆ ನನಗೆ ನಾಟುವುದಿಲ್ಲ."

ಕಿಶೋರ ನನ್ನ ಇನ್ನೊಂದು ಕೈ ಹಿಡಿದುಕೊಂಡಿದ್ದ, ಬೆರಳು ನೋಯುವಷ್ಟು ಬಿಗಿಯಾಗಿ.

"ಹತ್ತು ಗಂಟೆಯವರೆಗೆ ನನಗೆ ಪೂಜೆ ಉಂಟು," ಎಂದರು ಅವರು. "ಆಮೇಲೆ ಬಾ."