ದ್ವೀಪದವನ ಹಾಡು, ಮೇಷ್ಟ್ರಮ್ಮನ ಕೋಪ

“ನಿಲ್ಸಿ! ಅದು ನನ್ನ ಮಾತಲ್ಲ!”

ಶಾಮಲಳ ಓದು ಅಲ್ಲಿಗೇ ನಿಂತಿತು. ಪರಿಚಯವಾಗಿ ಇನ್ನೂ ಅರ್ಧ ಗಂಟೆಯಾಗಿಲ್ಲ, ಆಗಲೇ ಗದರುತ್ತಾನೆ! ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರು ವರ್ಷದಿಂದ ಪಾಠ ಹೇಳುತ್ತಿದ್ದ ಅವಳಿಗೆ ಗದರಿ ಅಭ್ಯಾಸವಿತ್ತೇ ಹೊರತು ಗದರಿಸಿಕೊಂಡು ಅಭ್ಯಾಸವಿರಲಿಲ್ಲ.

“ನೀವು ಹೇಳಿದ್ದನ್ನೇ ಬರ್ದಿದೀನಿ.”

“ಇಲ್ಲ. ನಾನು ‘ಉಪ್ಪು ನೀಳ್ಳು’ ಅಂದೆ. ನೀವು ಓದಿದ್ದು ‘ಲವಣಜಲ’. ಅದ್ಯಾರ ಮಾತು?”

“ನೀಳ್ಳು ಅಂದ್ರೆ ತೆಲುಗು! ಕನ್ನಡ ಪುಸ್ತಕದಲ್ಲಿ ಅದೆಲ್ಲ ಬರೋಕಾಗಲ್ಲ.”

“ನಮ್ಮಮ್ಮ ಹಂಗೇ ಅಂತಿದ್ಲು. ಕನ್ನಡ, ತೆಲುಗು, ಆ ದ್ವೀಪದ ಇಂಗ್ಲಿಷು, ಅವಳ ಬಾಯಲ್ಲಿ ಎಲ್ಲಾ ಒಂದೇ ಮುದ್ದೆ. ಬಿಡಿಸಿದ್ರೆ ಅದು ನಮ್ಮಮ್ಮನ ಮಾತಾಗಲ್ಲ ಕಣ್ರೀ.”

ಅವನ ಹೆಸರು ಕದಿರೇಶ. ಅಪ್ಪ ಅಮ್ಮ ಮುಳಬಾಗಿಲು ಕಡೆಯವರು. ಮದರಾಸಿನಲ್ಲಿ ಯಾವನೋ ದಲ್ಲಾಳಿಯ ಮಾತು ನಂಬಿ ಹಡಗು ಹತ್ತಿ, ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಹೋದವರು. ಅವನು ಹುಟ್ಟಿದ್ದು ಅಲ್ಲೇ. ಎರಡು ವರ್ಷದ ಹಿಂದೆ, ಅಂದರೆ ಸಾವಿರದ ಒಂಬೈನೂರ ಮೂವತ್ತಾರರಲ್ಲಿ, ಅಪ್ಪನ ಜೊತೆ ಹಿಂತಿರುಗಿದ. ಬಂದ ವರ್ಷವೇ ಅಪ್ಪ ತೀರಿಕೊಂಡ. ಈಗ ಮಾವಿನ ಮಂಡಿಯಲ್ಲಿ ಮದರಾಸಿನ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕೆಲಸ. ಮನೆಮಾತು ಬರುತ್ತಿತ್ತು, ಕನ್ನಡ ಅಕ್ಷರ ಮಾತ್ರ ಒಂದೂ ಬಾರದು.

ಅದಕ್ಕೇ ಅವನು ಶಾಲೆಗೆ ಬಂದಿದ್ದ. ದ್ವೀಪದಲ್ಲಿ ಕಟ್ಟಿದ ಹಾಡುಗಳನ್ನು ಅವನು ಹೇಳಬೇಕು, ಅವಳು ಬರೆಯಬೇಕು.

“ಯಾರು ಓದ್ತಾರೆ ಇದನ್ನ?” ಸಿಡುಕಿದಳು ಶಾಮಲ.

“ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಹಡಗು ಹತ್ತಿದೋರ ಸುದ್ದಿ ಇವತ್ತಿಗೂ ಗೊತ್ತಿಲ್ಲ. ಅವ್ರು ಓದ್ತಾರೆ.”

ಅವಳು ‘ಲವಣಜಲ’ವನ್ನು ಹೊಡೆದುಹಾಕಿ, ಹಲ್ಲು ಕಚ್ಚಿಕೊಂಡು ‘ಉಪ್ಪು ನೀಳ್ಳು’ ಎಂದು ಬರೆದಳು.

ಅಂದಿನಿಂದ ಗಂಟೆ ಹೊಡೆದ ಮೇಲೆ ಶಾಲೆಯ ಜಗಲಿಯಲ್ಲಿ ದಿನಾ ಇದೇ ಜಗಳ. ಆಯಾ ರಾಮಲಕ್ಷ್ಮಮ್ಮ ಕಸ ಗುಡಿಸುವುದನ್ನು ಬಿಟ್ಟು ಕೇಳುತ್ತಾ ನಿಲ್ಲುತ್ತಿದ್ದಳು.

“‘ಯಾವಾಗ ಬರ್ತೀಯೇ ಹಡಗೇ’... ಈ ಸಾಲು ಏಳು ಸಲ ಬಂತು. ಒಂದ್ಸಲ ಹೇಳಿದ್ರೆ ಸಾಲದಾ?”

“ಕಬ್ಬು ಕಡಿಯೋವಾಗ ಒಬ್ಬ ಕೂಗ್ತಾನೆ, ನೂರು ಜನ ತಿರುಗಿ ಕೂಗ್ತಾರೆ. ಒಂದ್ಸಲಕ್ಕೇ ಸಂಕಟ ತೀರತ್ತಾ ಮೇಷ್ಟ್ರಮ್ಮ?”

“ಕಳೆ ಕೀಳೋವಾಗ ನಾವೂ ಹಂಗೇ ಸೊಲ್ಲು ಕೊಡಲ್ವಾ?” ಎಂದಳು ರಾಮಲಕ್ಷ್ಮಮ್ಮ. ಆಯಾ ಕೂಡ ಅವನ ಕಡೆಯೇ!

ಇನ್ನೊಂದು ಸಂಜೆ ಅವನು ಹೇಳಿದ, “ನಮ್ಮ ದೊರೆ ಬಲು ಒಳ್ಳೇವ್ನು, ಸೂರ್ಯಂಗೂ ರಜೆ ಕೊಡದೆ ದುಡಿಸ್ತಾನೆ.”

“ಚಾಕರಿ ಮಾಡಿಸ್ಕೊಂಡವನನ್ನ ಹೊಗಳ್ತೀರಾ?”

“ಹೊಗಳಿಕೆ ಥರ ಕೇಳಿಸ್ಬೇಕು. ದೊರೆ ಎದುರಿಗೇ ಹಾಡ್ತಿದ್ವಿ. ಅವನು ತಲೆದೂಗ್ತಿದ್ದ, ನಮ್ಮೋರು ಬೆನ್ನು ತಿರುಗಿಸ್ಕೊಂಡು ನಗ್ತಿದ್ರು.”

ಶಾಮಲ ಫಕ್ಕನೆ ನಕ್ಕುಬಿಟ್ಟಳು. ಅವನೂ ನಕ್ಕ. ನಗುವಾಗ ಅವನ ಕಣ್ಣು... ಛೆ! ಅದೆಲ್ಲ ನನಗ್ಯಾಕೆ?

ಹೀಗೆ ‘ನನಗ್ಯಾಕೆ’ ಅಂದುಕೊಂಡವರೆಲ್ಲ ಏನಾಗುತ್ತಾರೆಂದು ನಿಮಗೆ ಗೊತ್ತೇ ಇದೆ. ತಿಂಗಳು ಕಳೆಯುವುದರೊಳಗೆ ಅವಳಿಗೆ ಅವನಿಲ್ಲದ ಭಾನುವಾರ ಬೇಸರ ತರಿಸತೊಡಗಿತು.

“ಅಂಕಿತ ಹಾಕಿ,” ಎಂದು ಕಲಿಸಿದವಳೂ ಅವಳೇ. “ನಮ್ಮಪ್ಪ ಭಜನೇಲಿ ತತ್ವಪದ ಹಾಡ್ತಿದ್ರು. ಪದ ಕಟ್ಟಿದೋರು ಕೊನೇ ಸಾಲಲ್ಲಿ ಹೆಸರು ಹಾಕ್ಬೇಕು. ಯಾರ ಹೆಸರೋ, ಪದದ ಸುಖದುಃಖ ಅವರದ್ದೇ.”

“ಆಗಲಿ ಮೇಷ್ಟ್ರಮ್ಮ.” ಜೀವಮಾನದಲ್ಲಿ ಒಂದೇ ಸಲ ಅವನು ಅವಳ ಮಾತಿಗೆ ಎದುರಾಡದೆ ಒಪ್ಪಿದ. ಅದೇ ಎಡವಟ್ಟಾಯಿತು!

ಮರುದಿನ ಅವನು ಕಣ್ಣು ಮುಚ್ಚಿಕೊಂಡು ಹೇಳತೊಡಗಿದ.

“ಕಡಲೊಬ್ಬ ಮೇಸ್ತ್ರಿ, ಬಂದವರ ಲೆಕ್ಕ ಇಡ್ತಾನೆ, ಹೋದವರ ಲೆಕ್ಕ ಇಡಲ್ಲ. ಏನೇ ನನ್ನ ಹೆಂಡತಿ, ಆ ದಡದಲ್ಲೇ ನಿನ್ನ ಬಿಟ್ಟು ಬಂದೆನಲ್ಲೇ. ನಿನ್ನ ಕರೀದೆ ಹಡಗು ಹತ್ತಿದೆನಲ್ಲೇ. ಕದಿರೇಶ ಹೇಳ್ತಾನೆ, ನನ್ನ ಮಾತು ಸುಳ್ಳಾಯ್ತಲ್ಲೇ.”

ಶಾಮಲ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡಳು.

ಹೆಂಡತಿ! ಇವನಿಗೆ ಹೆಂಡತಿ ಇದ್ದಾಳೆ!

“ಬರೆದ್ರಾ?”

“ಬರೆದೆ,” ಎಂದಷ್ಟೇ ಹೇಳಿ ಎದ್ದು ಹೊರಟಳು. ಎದೆಯೊಳಗೆ ಕಿಚ್ಚು. ತಿಂಗಳುಗಟ್ಟಲೆ ಎದುರಿಗೆ ಕೂತು ನಕ್ಕನಲ್ಲ! ಒಂದು ಮಾತು ಹೇಳಬಾರದಿತ್ತಾ?

ಮನೆಯಲ್ಲಿ ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಮುನಿಯಲ್ಲಮ್ಮ ಕಾಯುತ್ತಿದ್ದಳು.

“ಸುಗಟೂರಿನೋರು ಮತ್ತೆ ಹೇಳಿ ಕಳ್ಸವ್ರೆ. ಶುಕ್ರವಾರ ಹೆಣ್ಣು ನೋಡೋಕೆ ಬರ್ಲಾ ಅಂತವ್ರೆ. ಏನ್ ಹೇಳ್ಲೇ?”

“ಬರ್ಲಿ ಅನ್ನು, ಅತ್ತೆ.”

“ನಿಜವಾಗ್ಲೂ?”

“ಎಷ್ಟು ಸಲ ಹೇಳ್ಬೇಕು? ಹೂಂ ಅಂದ್ನಲ್ಲ!”

ಹೇಳಿದ ಮೇಲೆ ಅಳು ಬಂತು. ಅಳುತ್ತಲೇ ಎರಡು ಪುಟ ಕಾಗದ ಬರೆದಳು. ಅದನ್ನು ಅವನ ಹಾಡಿನ ಪುಸ್ತಕದೊಳಗಿಟ್ಟು, ಬೆಳಿಗ್ಗೆ ರಾಮಲಕ್ಷ್ಮಮ್ಮನ ಕೈಲಿ ಮಂಡಿಗೆ ಕಳಿಸಿದಳು. ಇನ್ನು ಮುಗಿಯಿತು ಅಂದುಕೊಂಡಳು.

ಎಲ್ಲಿ ಮುಗಿಯುತ್ತೆ? ಬುಧವಾರ ಕಳೆಯಿತು, ಅವನಿಂದ ಉತ್ತರವಿಲ್ಲ. ತಪ್ಪೊಪ್ಪಿಗೆಯೂ ಇಲ್ಲ, ಕೋಪವೂ ಇಲ್ಲ. ಶಾಮಲ ಮಕ್ಕಳ ಮೇಲೆ ರೇಗಿದಳು, ಸೀಮೆಸುಣ್ಣ ಮುರಿದಳು, ಮಗ್ಗಿಯನ್ನೇ ತಪ್ಪು ಹೇಳಿಕೊಟ್ಟಳು. ಅಷ್ಟು ಬೈದು ಬರೆದರೂ ಕಲ್ಲಿನಂತೆ ಕೂತಿದ್ದಾನಲ್ಲ!

ಗುರುವಾರ ಸಂಜೆ ಅವನು ಬಂದ. ಮಡಿಕೆ ಬಿಚ್ಚಿ ಮಡಿಸಿ ನಲುಗಿದ ಕಾಗದ ಕೈಯಲ್ಲಿತ್ತು.

“ಎರಡು ದಿನದಿಂದ ಇದನ್ನ ನೋಡ್ತಾನೇ ಇದೀನಿ. ಏನ್ ಬರ್ದಿದೀರಿ?”

ಶಾಮಲ ಹಣೆ ಚಚ್ಚಿಕೊಂಡಳು. ಕನ್ನಡ ಅಕ್ಷರ ಬಾರದವನಿಗೆ ಕನ್ನಡದಲ್ಲಿ ಕಾಗದ ಬರೆದಿದ್ದಳು! ಅವನಿಗೆ ಅಕ್ಷರ ಬಾರದು ಅನ್ನೋದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು?

“ಮಂಡೀಲಿ ಯಾರ ಕೈಲಾದ್ರೂ ಓದಿಸ್ಬೇಕಿತ್ತು...”

“ನಿಮ್ಮ ಕಾಗದಾನ ಬೇರೆಯೋರ ಬಾಯಲ್ಲಿ ಕೇಳೋಕೆ ಮನಸ್ಸು ಬರ್ಲಿಲ್ಲ. ಓದಿ ಹೇಳಿ ಮೇಷ್ಟ್ರಮ್ಮ.”

“ನಾನು ಓದಲ್ಲ!”

“ಹಂಗಾದ್ರೆ ಬರೆದಿದ್ಯಾಕೆ?”

ಅವಳಿಗೆ ರೇಗಿಹೋಯಿತು. ಕಾಗದ ಕಿತ್ತುಕೊಂಡು ಓದಿದಳು. “ಹೆಂಡತಿಯನ್ನು ದಡದಲ್ಲಿ ಬಿಟ್ಟು ಬಂದ ಗಂಡಸಿಗೆ ನನ್ನ ಎದುರು ಕೂತು ನಗಲು ನಾಚಿಕೆಯಾಗಲಿಲ್ಲವೇ? ನಿಮ್ಮ ಹಾಡು ಕೇಳುವ ಮೊದಲು ನಾನು ನೆಮ್ಮದಿಯಾಗಿದ್ದೆ. ಈಗ ಶುಕ್ರವಾರ ಬರುವವರ ಎದುರು... ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು... ಹೇಗೆ ಕೂರಲಿ?”

ಕೊನೆಯ ಮಾತು ಅರ್ಧ ಅಳುವಾಗಿತ್ತು. ಪೊರಕೆ ಹಿಡಿದ ರಾಮಲಕ್ಷ್ಮಮ್ಮ ಸದ್ದಿಲ್ಲದೆ ಒಳಗೆ ಹೋದಳು.

“ನನಗೆ ಹೆಂಡತಿನಾ?” ಕದಿರೇಶ ಬೆರಗಾಗಿ ನಿಂತ. “ಅದು ನಮ್ಮಪ್ಪನ ಮಾತು ಕಣ್ರೀ! ಅಮ್ಮ ಜ್ವರದಲ್ಲಿ ಹೋದ್ಲು. ಕಬ್ಬಿನ ತೋಟದ ಅಂಚಲ್ಲೇ ಮಣ್ಣು ಮಾಡಿದ್ವಿ. ಊರಿಗೆ ಕರ್ಕೊಂಡು ಹೋಗ್ತೀನಿ ಅಂತ ಅಪ್ಪ ಅವಳಿಗೆ ಮಾತು ಕೊಟ್ಟಿದ್ದ. ಹಡಗಿನಲ್ಲಿ ಅಷ್ಟು ದಿನ ತುಟಿ ಬಿಚ್ಚಲಿಲ್ಲ. ಅವನು ಹೇಳದೆ ಹೋಗಿದ್ದನ್ನ ನಾನು ಹೇಳ್ದೆ.”

“ಮತ್ತೆ ನಿಮ್ಮ ಹೆಸರು ಹಾಕಿದ್ರಲ್ಲ!”

“ನೀವೇ ತಾನೇ ಹಾಕು ಅಂದಿದ್ದು? ನಮ್ಮ ದ್ವೀಪದಲ್ಲಿ ಹಾಡೋನು ಯಾರ ಬಾಯಿ ಬೇಕಾದ್ರೂ ತೊಡ್ತಾನೆ. ಹೆಂಗಸಾಗ್ತಾನೆ, ಸತ್ತೋನಾಗ್ತಾನೆ, ದೊರೆನೂ ಆಗ್ತಾನೆ. ‘ನಾನು’ ಅಂದ್ರೆ ಅವನೇ ಅಂತ ಅಲ್ಲಿ ಯಾರೂ ತಿಳ್ಕೊಳಲ್ಲ.”

ಶಾಮಲ ಕಂಬಕ್ಕೆ ಒರಗಿದಳು. ಅಯ್ಯೋ, ನಾನೆಂಥ ದಡ್ಡಿ! ಕೇಳಿದ್ದರೆ ಒಂದು ಮಾತಲ್ಲಿ ಮುಗಿಯುತ್ತಿತ್ತು. ಅವನ ಮೇಲಿದ್ದ ಸಿಟ್ಟೆಲ್ಲ ಈಗ ಅವಳ ಮೇಲೆಯೇ ತಿರುಗಿತು.

“ಎಲ್ಲಾರ ಬಾಯಲ್ಲೂ ಮಾತಾಡ್ತೀರಿ,” ಎಂದಳು ಬಿಕ್ಕುತ್ತಾ. “ನಿಮ್ಮ ಬಾಯಲ್ಲಿ ಒಂದು ಮಾತು ಆಡೋಕೆ ಏನಾಗಿತ್ತು? ನಾನು ಹೆಂಗೆ ತಿಳ್ಕೊಳ್ಳಲಿ?”

ಏಳು ಸಲ ಹಡಗನ್ನು ಕರೆದ ಕದಿರೇಶ ಈಗ ತಡವರಿಸುತ್ತಾ ಹೇಳಿದ.

“ಕಡಲು ದಾಟಿದ ಕೂಲಿ ನಾನು. ಮುಳಬಾಗಿಲಲ್ಲಿ ನಮ್ಮ ದೊಡ್ಡಪ್ಪನ ಮನೇಲೇ ನನಗೆ ಹೊರಗಡೆ ಎಲೆ ಹಾಕಿದ್ರು. ನಿಮ್ಮನ್ನ ಕೇಳೋ ಯೋಗ್ಯತೆ ಇಲ್ಲ ಅಂತ ಸುಮ್ನಿದ್ದೆ.” ಉಸಿರೆಳೆದುಕೊಂಡ. “ನನಗೆ ನೀವು ಬೇಕು ಶಾಮಲಾ. ಇದು ಅಪ್ಪನ ಮಾತಲ್ಲ, ಯಾರ ಮಾತೂ ಅಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮೂರು ದಿನದಿಂದ ಎದೆಯಲ್ಲಿ ಕುದಿಯುತ್ತಿದ್ದುದೆಲ್ಲ ತಣ್ಣಗಾಯಿತು.

“ಹಂಗಾದ್ರೆ ಈಗ್ಲೇ ಹೊರಡಿ. ನಾಳೆ ಸುಗಟೂರಿನೋರು ಬರೋದ್ರೊಳಗೆ ಅತ್ತೆಗೆ ಹೇಳ್ಬೇಕು.”

“ಕೂಲಿ ಮಗ ಅಂತ ಬಾಗಿಲಲ್ಲೇ ನಿಲ್ಲಿಸಿದ್ರೆ?”

“ನಾನೂ ಬಾಗಿಲಲ್ಲೇ ನಿಲ್ತೀನಿ.”

“ಬೈದ್ರೆ?”

“ಇಬ್ರೂ ಬೈಸ್ಕೊಳೋಣ, ಬನ್ನಿ.”